ಶನಿವಾರದ ನೀರು

ತೇವ ನೋಡಲು ಬಟ್ಟಲಿನ ಮಣ್ಣಿಗೆ ಚುಚ್ಚಿಟ್ಟಿದ್ದ ಬಿದಿರು ಕಡ್ಡಿಯನ್ನು ಎಳೆದು ಮೋಕ್ಷಿತಾ ಬೆಳಕಿಗೆ ಹಿಡಿದಳು. ತುದಿಯಿಂದ ಮೇಲಿನವರೆಗೂ ಕಡ್ಡಿ ಕಪ್ಪಾಗಿತ್ತು. ನಿನ್ನೆ ಸಂಜೆ ಮನೆಗೆ ಹೊರಡುವ ಮೊದಲು ಅವಳೇ ಎಳೆದು ನೋಡಿದ್ದಳು. ಆಗ ತುದಿಯಲ್ಲಿ ಒಂದು ಉಗುರಿನಷ್ಟು ಮಾತ್ರ ತೇವವಿತ್ತು. ರಾತ್ರಿ ಮಳೆ ಬಂದಿಲ್ಲ. ಸಂಕ್ರಾಂತಿ ಕಳೆದ ಮೇಲಿನ ಇಬ್ಬನಿಗೆ ಮಣ್ಣು ಇಷ್ಟು ನೆನೆಯುವುದೂ ಇಲ್ಲ.

ಅವಳು ಕಡ್ಡಿಯನ್ನು ಮೇಲ್ದುಟಿಗೆ ತಾಗಿಸಿ ನೋಡಿದಳು. ಚಿಕ್ಕಂದಿನಿಂದ ಮೀನು ತೊಳೆದು ತೊಳೆದು ಅವಳ ಬೆರಳಿನ ಚರ್ಮ ದಪ್ಪವಾಗಿತ್ತು, ಬೆರಳನ್ನು ನಂಬುವ ಹಾಗಿರಲಿಲ್ಲ. ತುಟಿಗೆ ಮೋಸವಾಗುವುದಿಲ್ಲ. ಕಡ್ಡಿ ತಣ್ಣಗೆ ಕೊರೆಯಿತು.

ಗಂಟೆ ಏಳೂವರೆ. ಹತ್ತಕ್ಕೆ ಈ ಅಶ್ವತ್ಥಕ್ಕೆ ತಂತಿ ಕಟ್ಟುವುದಿತ್ತು.

ಸಾಸ್ತಾನದ ಟೋಲ್ ದಾಟಿ ಸ್ವಲ್ಪ ಮುಂದೆ ಹೈವೇಯಿಂದ ಒಳಗೆ ಪ್ರೇಮಾನಂದನ ನರ್ಸರಿ. ಮುಂದಿನ ಭಾಗದಲ್ಲಿ ಕಸಿ ಮಾವು, ಮಲ್ಲಿಗೆ, ತೆಂಗಿನ ಸಸಿ. ಅದು ಹೊಟ್ಟೆಪಾಡು. ಹಿಂದೆ ಮನೆಗೆ ತಾಗಿಕೊಂಡು ಹಸಿರು ಬಲೆಯ ನೆರಳಿನಲ್ಲಿ ನಲವತ್ತು ಬೋನ್ಸಾಯ್ ಮರಗಳು. ಅದು ಅವನ ಜೀವ. ಆ ನಲವತ್ತರಲ್ಲೂ ಈ ಅಶ್ವತ್ಥವೆಂದರೆ ಮತ್ತೆ ಬೇರೆ. ಪಾಳು ಬಾವಿಯೊಂದರ ಕಲ್ಲಿನ ಸಂದಿಯಲ್ಲಿ ಎರಡೆಲೆ ಬಿಟ್ಟುಕೊಂಡಿದ್ದ ಗಿಡವನ್ನು ಅವನು ಇಪ್ಪತ್ತೆರಡು ವರ್ಷದ ಹಿಂದೆ ಬಿಡಿಸಿ ತಂದಿದ್ದ. ಈಗ ಅದು ಮೊಳಕೈ ಎತ್ತರದ ಮುದುಕ ಮರ. ಬುಡ ಗಂಟುಗಂಟಾಗಿ, ಬೇರು ಮಣ್ಣನ್ನು ಬಿಗಿಯಾಗಿ ಹಿಡಿದು ಕೂತಿತ್ತು. ಎಡಗಡೆಯ ಮೊದಲ ಕೊಂಬೆ, ಅವರ ಮಾತಿನಲ್ಲಿ ಗೆಲ್ಲು, ಮಾತ್ರ ಮೇಲಕ್ಕೆ ಚಾಚಿಕೊಂಡೇ ಇತ್ತು. ಅದು ಹೆಬ್ಬೆರಳು ಗಾತ್ರವಾಗಲೆಂದು ಪ್ರೇಮಾನಂದ ಹನ್ನೊಂದು ವರ್ಷ ಕಾದಿದ್ದ. ಇವತ್ತು ಅದಕ್ಕೆ ತಂತಿ ಸುತ್ತಿ ಕೆಳಗೆ ಬಗ್ಗಿಸಬೇಕು, ಅದಕ್ಕೆಂದೇ ಎರಡು ದಿನದಿಂದ ನೀರು ನಿಲ್ಲಿಸಿದ್ದು.

ಬಲಗಡೆಯಲ್ಲೂ ಒಂದು ಗೆಲ್ಲು ಇತ್ತು. ಈಗ ಆ ಜಾಗದಲ್ಲಿ ನಾಣ್ಯದಷ್ಟಗಲದ ಕಲೆ ಇದೆ. ಮೂರು ವರ್ಷದ ಹಿಂದೆ ಇಲ್ಲಿ ಐತ ಎಂಬವನು ಕೆಲಸಕ್ಕಿದ್ದ. ತಂತಿ ಕಟ್ಟುವ ದಿನ ಬೆಳಿಗ್ಗೆ ಅಭ್ಯಾಸಬಲದಿಂದ ಎಲ್ಲ ಗಿಡಗಳ ಜೊತೆ ಇದಕ್ಕೂ ಪೈಪು ಹಿಡಿದುಬಿಟ್ಟ. ಬಗ್ಗಿಸುವಾಗ ಗೆಲ್ಲು ಟಪ್ಪೆಂದು ಮುರಿದು ಪ್ರೇಮಾನಂದನ ಕೈಯಲ್ಲೇ ಉಳಿಯಿತು. ಅವನು ಬೈಯಲಿಲ್ಲವಂತೆ. ಮುರಿದ ಗೆಲ್ಲನ್ನು ಬೆಂಚಿನ ಮೇಲಿಟ್ಟು, "ನಾಳಿಂದ ಬಪ್ಪುದ್ ಬ್ಯಾಡ ಐತ" ಎಂದನಂತೆ. ಅಷ್ಟೇ.

ಆ ಮಾತನ್ನು ಮೋಕ್ಷಿತಾ ಕಿವಿಯಾರೆ ಕೇಳಿರಲಿಲ್ಲ. ಆದರೂ ದಿನಾ ನೀರು ಹಾಕುವಾಗ ಅದು ಕೇಳಿಸುತ್ತಿತ್ತು. ಐತ ಹೋದ ಜಾಗಕ್ಕೇ ಅವಳು ಬಂದದ್ದು.

ಬೀಜಾಡಿಯ ಈ ಹುಡುಗಿಗೆ ಈಗ ಹತ್ತೊಂಬತ್ತು. ಒಂಬತ್ತನೆಯ ತರಗತಿ ಮುಗಿಸಿರಲಿಲ್ಲ. ಓದು ಬರುವುದಿಲ್ಲವೆಂದಲ್ಲ. ಹಾಜರಿ ಕೂಗುವಾಗ ಅವಳ ಗಂಟಲಿನಿಂದ ಸ್ವರವೇ ಹೊರಡುತ್ತಿರಲಿಲ್ಲ. ಮೂರನೆಯ ಬೆಂಚಿನಲ್ಲಿ ಕಣ್ಣುಬಿಟ್ಟು ಕೂತಿರುತ್ತಿದ್ದಳು, ತಲೆ ಎತ್ತದ ಮಾಸ್ತರರು ಗೈರು ಎಂದು ಬರೆಯುತ್ತಿದ್ದರು. ವರ್ಷದ ಕೊನೆಗೆ ಹಾಜರಿ ಸಾಲದೆಂದು ಅಮ್ಮನನ್ನು ಕರೆಸಿದರು. ದಿನಾ ಶಾಲೆಯಲ್ಲೇ ಇದ್ದೆ ಎಂದು ಹೇಳುವುದಕ್ಕೂ ಸ್ವರ ಬರಲಿಲ್ಲ. ಆಮೇಲೆ ಅವಳು ಹೋಗಲೇ ಇಲ್ಲ.

ಅವಳ ಅಮ್ಮ ಜಲಜ ಕೋಟೇಶ್ವರದಲ್ಲಿ ಮೀನು ಮಾರುವವಳು. ಇಡೀ ಪೇಟೆಗೆ ಕೇಳುವಂತೆ ಬಂಗುಡೆಯ ಹೆಸರು ಹಿಡಿದು ಕೂಗುವವಳು. "ಈ ಕೆಲ್ಸ ಹೋರೆ ನನ್ ಒಟ್ಟಿಗೆ ಬುಟ್ಟಿ ಹೊತ್ಕಂಡ್ ಬಪ್ಪುದೇ ಸೈ ನೀನ್" ಎಂದು ಆಗಾಗ ಎಚ್ಚರಿಸುತ್ತಿದ್ದಳು. ಪೇಟೆಯಲ್ಲಾದರೆ ಬಾಯಿ ತೆರೆದು ಕೂಗಲೇಬೇಕು. ಗಿಡಗಳು ಹಾಗಲ್ಲ. ಗಿಡಗಳೆದುರು ಬಾಯಿ ತೆರೆಯಬೇಕೆಂದಿಲ್ಲ, ನೋಡುತ್ತಿದ್ದರೆ ಸಾಕು. ನೋಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅದಕ್ಕೇ ಪ್ರೇಮಾನಂದ ಮೂರು ತಿಂಗಳಲ್ಲೇ ಹಿಂದಿನ ನಲವತ್ತು ಮರಗಳ ನೀರನ್ನು ಅವಳ ಕೈಗೆ ಒಪ್ಪಿಸಿದ್ದ.

ಈಗ ಆ ನೀರೇ ಅವಳ ಕುತ್ತಿಗೆಗೆ ಬಂದಿತ್ತು.

ಅವಳು ಬಗ್ಗಿ ನೋಡಿದಳು. ಹಸಿರು ಪಾಚಿಯ ಮೇಲೆ ಅರಿಶಿನದ ಒಂದು ಅಕ್ಕಿಕಾಳು. ಅಕ್ಷತೆ. ಅದನ್ನು ಮೆಲ್ಲಗೆ ಹೆಕ್ಕಿ ಮುಷ್ಟಿಯಲ್ಲಿ ಹಿಡಿದು ತಿರುಗಿದಾಗ ಹಿಂಬಾಗಿಲಿನಲ್ಲಿ ಸುಗುಣಮ್ಮ ನಿಂತಿದ್ದರು. ಪ್ರೇಮಾನಂದನ ತಾಯಿ. ಮಿಂದ ಕೂದಲಿನ ತುದಿಗೆ ಗಂಟು ಹಾಕಿಕೊಂಡು, ಕೈಯಲ್ಲಿ ಖಾಲಿ ತಾಮ್ರದ ತಂಬಿಗೆ ಹಿಡಿದಿದ್ದರು.

"ಹೆಣೆ, ಕಂಡ್ಯಾ?" ಎಂದರು ಸಣ್ಣ ಸ್ವರದಲ್ಲಿ.

"ಅಮ್ಮ... ನೀರ್..."

"ಎರಡ್ ತಂಬ್ಗಿ ಹಾಕಿದೆ. ಬೆಳ್ಗಾತ ಐದ್ ಗಂಟಿಗೆ, ಮಿಂದ್ಕಂಡ್ ಬಂದ್."

"ಅಣ್ಣ ಹಾಕುಕಾಗ ಅಂದಿದ್ರ್."

"ಅವ ಹೇಳ್ತ. ಅವ್ನಿಗೆಂತ? ದೇವ್ರ ಮರನ ಬಟ್ಲಲ್ ಕೂರ್ಸಿದ. ಇವತ್ ಅದ್ರ ಕೈ ಹಿಡ್ದ್ ತಂತಿ ಕಟ್ತ. ಅದೂ ಶನಿವಾರ! ಎರಡ್ ದಿನ ಬಾಯಾರ್ಸಿ ಮತ್ತೆ ಕಟ್ಟುದಾ? ಯಾವ ಜನ್ಮಕ್ಕ್ ಆಯ್ಕ್ ಈ ಪಾಪ?" ಸುಗುಣಮ್ಮ ಹತ್ತಿರ ಬಂದರು. ಅವರ ಕಣ್ಣಿನ ಸುತ್ತ ನಿದ್ದೆಗೆಟ್ಟ ಕಪ್ಪಿತ್ತು. "ಆಸಾಡಿ ತಿಂಗ್ಳಲ್ ಅವ ಎದಿ ಹಿಡ್ಕಂಡ್ ಬಿದ್ದದ್ ನೀನೇ ಕಂಡಿದ್ಯಲೆ. ಅದ್ಕಿಂತ ಎಂಟ್ ದಿನ ಮೊದ್ಲ್ ಇದೇ ಮರಕ್ಕ್ ಕತ್ರಿ ಹಾಕಿದ್ದ. ಆವತ್ತಿಂದ ಒಂದ್ ಶನಿವಾರ ಬಿಡ್ಲಿಲ್ಲ ನಾನ್. ಸುತ್ತ್ ಬತ್ತೆ, ನೀರ್ ಹಾಕ್ತೆ. ತಪ್ಪಾಯ್ತ್, ನನ್ ಮಗ್ನ ಬಿಡ್ ಅಂತೆ."

ಬೇರೆ ಶನಿವಾರಗಳಲ್ಲಿ ಈ ಮಣ್ಣಿನ ತೇವ ತಾನು ಹಿಂದಿನ ಸಂಜೆ ಹಾಕಿದ ನೀರಿನದ್ದೆಂದೇ ಮೋಕ್ಷಿತಾ ತಿಳಿದಿದ್ದಳು. ಅಶ್ವತ್ಥಕ್ಕೆ ಶನಿವಾರ ಸುತ್ತು ಬಂದು ನೀರೆರೆಯುವುದು ಅವಳಿಗೆ ಹೊಸದಲ್ಲ. ಅವರೂರಿನ ಕಟ್ಟೆಯಲ್ಲೂ ಹೆಂಗಸರು ಹಾಗೇ ಮಾಡುತ್ತಾರೆ. ಆದರೆ ಆ ಮರದ ಬೇರು ಊರಿಡೀ ಹರಡಿದೆ. ಈ ಮರದ ಬೇರಿಗೆ ಇರುವುದು ಹಂಚಿನ ಚೂರು, ಹೊಳೆಮರಳು ಬೆರೆಸಿದ ನಾಲ್ಕು ಬೆರಳು ಮಣ್ಣು. ಎರಡು ತಂಬಿಗೆ ಎಂದರೆ ಅದಕ್ಕೆ ಮಳೆಗಾಲ.

"ಅವ್ನತ್ರ ಹೇಳ್ಬ್ಯಾಡ ಮಗಾ," ಎಂದು ಸುಗುಣಮ್ಮ ಅವಳ ಕೈ ಹಿಡಿದರು. "ದೀಪಾವಳಿಗೆ ಈ ಮರಕ್ಕ್ ಹಾಲ್ ಹಾಕಿದ್ದಕ್ಕ್ ಎಂತ ಆಯ್ತ್ ಅಂದ್ ಗೊತ್ತಿತ್ತಲೆ? ಒಂಬತ್ ದಿನ. ಒಂದ್ ಮಾತ್ ಆಡ್ಲಿಲ್ಲ. ಬೈದಿರೆ ಅಡ್ಡಿಲ್ಲ. ಅವ ಸುಮ್ನೆ ಕೂಕಂಡ್ರೆ ನನ್ ಜೀವ ಹೋತ್ತ್."

ಮೋಕ್ಷಿತಾ ಮುಷ್ಟಿಯಲ್ಲಿದ್ದ ಅಕ್ಷತೆಯನ್ನು ಅವರ ಅಂಗೈಗೆ ಹಾಕಿದಳು. ಸುಗುಣಮ್ಮ ಅದನ್ನು ಒಪ್ಪಿಗೆ ಎಂದುಕೊಂಡು ಒಳಗೆ ಹೋದರು.

ಎರಡೂವರೆ ಗಂಟೆ ಉಳಿದಿತ್ತು. ಅವಳು ಬಟ್ಟಲಿನ ಒಂದು ಬದಿಗೆ ಹಂಚಿನ ತುಂಡು ಕೊಟ್ಟು ಓರೆ ಮಾಡಿದಳು. ತಳದ ತೂತಿನಿಂದ ಎಳೆನೀರು ಸುರಿದ ಹಾಗೆ ನೀರು ಇಳಿಯಿತು. ಹಳೆಯ ಹತ್ತಿ ಬಟ್ಟೆಯನ್ನು ಹಿಂಡಿ ತೂತಿಗೆ ಒತ್ತಿ ಹಿಡಿದಳು. ಬಟ್ಟೆ ಒದ್ದೆಯಾಯಿತು, ಹಿಂಡಿದಳು, ಮತ್ತೆ ಒತ್ತಿದಳು. ಎಂಟೂವರೆಗೆ ಬಟ್ಟಲನ್ನು ಎದೆಗವಚಿಕೊಂಡು ಬಿಸಿಲಿಗೆ ತಂದಿಟ್ಟಳು. ಒಂಬತ್ತಕ್ಕೆ ಮೇಲಿನ ಪಾಚಿಯ ಬಣ್ಣ ಸ್ವಲ್ಪ ತಿಳಿಯಾಯಿತು. ಒಳಗಿನ ಕಡ್ಡಿ ಮಾತ್ರ ಇನ್ನೂ ಕಪ್ಪೇ.

ಮಣ್ಣು ಒಣಗಿದರೂ ಏನು ಬಂತು? ಮರ ಆಗಲೇ ಕುಡಿದಾಗಿತ್ತು. ನಿನ್ನೆ ಎಲೆಗಳು ತೊಟ್ಟು ಸಡಿಲವಾಗಿ, ತುದಿಯ ಬಾಲ ಇಳಿಬಿಟ್ಟುಕೊಂಡಿದ್ದವು, ಗಾಳಿ ಬಂದರೆ ಬಟ್ಟೆ ಒದರಿದ ಹಾಗೆ ಮಂದವಾದ ಸದ್ದು. ಇವತ್ತು ಪ್ರತಿ ತೊಟ್ಟೂ ಸೆಟೆದು ನಿಂತಿತ್ತು. ಗಾಳಿಯೇ ಇಲ್ಲದೆ ಎಲೆಗಳು ಪಟಪಟ ಎನ್ನುತ್ತಿದ್ದವು. ಅವಳು ಮತ್ತೆ ಬಟ್ಟೆ ಹಿಂಡಿ ತೂತಿಗೆ ಒತ್ತಿದಳು.

"ಹ್ವಾಯ್ ಮೋಕ್ಷಿತಾ, ಇದನ್ನೆಂತಕೆ ಓರಿ ಮಾಡಿಟ್ಟದ್?"

ಪ್ರೇಮಾನಂದ ಬಂದಿದ್ದ. ಕೊರಳಲ್ಲಿ ದಾರ ಕಟ್ಟಿದ ಕನ್ನಡಕ, ಕೈಯಲ್ಲಿ ಇಕ್ಕಳ ಮತ್ತು ಅಲ್ಯೂಮಿನಿಯಂ ತಂತಿಯ ಸುರುಳಿ. ಇವತ್ತು ಹೊಸ ಅಂಗಿ ಹಾಕಿದ್ದ. ಆಸ್ಪತ್ರೆಯಿಂದ ಬಂದ ಮೇಲೆ ಅವನ ಮುಖದಲ್ಲಿ ಇಷ್ಟು ಗೆಲುವನ್ನು ಅವಳು ಕಂಡಿರಲಿಲ್ಲ.

"ಬಿಸ್ಲ್..." ಎಂದಳು. "ಬಿಸ್ಲಿಗೆ."

"ಒಳ್ಳೇದಾಯ್ತ್. ನೀರ್ ನಿಲ್ಸಿದ್ಯಲೆ?"

ಅವಳು ಬಾಯಿ ತೆರೆಯುವ ಮೊದಲೇ ಅವಳ ತಲೆ ಹೌದೆಂದು ಆಡಿತು. ಆಡಿದ ಮೇಲೆ ಅವಳಿಗೇ ಗೊತ್ತಾದದ್ದು. ಶಾಲೆಯಲ್ಲಿ, ಮನೆಯಲ್ಲಿ, ಬಸ್ಸಿನಲ್ಲಿ, ಯಾರು ಏನು ಕೇಳಿದರೂ ಬೇಗ ಮುಗಿಯಲಿ ಎಂದು ಹಾಗೇ ಆಡಿಸಿ ರೂಢಿಯಾದ ತಲೆ ಅದು. ಪ್ರೇಮಾನಂದ ಅವಳನ್ನು ನಂಬಿ, ಕಡ್ಡಿಯನ್ನು ಮುಟ್ಟದೆ, ಬಟ್ಟಲನ್ನು ಎತ್ತಿಕೊಂಡು ಹೋದ.

ಹತ್ತಕ್ಕೆ ಸರಿಯಾಗಿ ಇಬ್ಬರು ಬಂದರು. ಯಡ್ತರೆಯ ಯೋಗೀಶ್, ಹಾರ್ಡ್‌ವೇರ್ ಅಂಗಡಿಯವನು, ಪ್ರೇಮಾನಂದನ ಹಳೆಯ ಗೆಳೆಯ. ಇನ್ನೊಬ್ಬರು ಬ್ರಹ್ಮಾವರದ ವಿಜೇತಾ, ಹೊಸದಾಗಿ ಬೋನ್ಸಾಯ್ ಕಲಿಯುತ್ತಿದ್ದ ಕಾಲೇಜಿನ ಮೇಡಂ.

"ಅಲ್ಲ ಪ್ರೇಮಾನಂದ," ಎಂದು ಯೋಗೀಶ್ ಕೂರುವ ಮೊದಲೇ ಶುರು ಮಾಡಿದ, "ನಿನ್ ಮರ ಹನ್ನೊಂದ್ ವರ್ಷದಿಂದ ಬಸ್ಸಿಗ್ ಕೈ ಅಡ್ಡ ಹಾಕ್ದಂಗೆ ನಿಂತಿತ್ತಲ. ಬಸ್ ಇನ್ನೂ ಬರ್ಲಿಲ್ಯಾ?"

"ಇವತ್ ಬತ್ತ್. ನೀ ಬಾಯ್ ಮುಚ್ಕಂಡ್ ಕೂಕೊ."

"ಕೂಕಂತೆ. ಚಾ ಇತ್ತಾ, ಇಲ್ಲ ಮರದ್ ಹಾಂಗೆ ನನ್ನನ್ನೂ ಬಾಯಾರ್ಸುದಾ?"

ಎಲ್ಲರೂ ನಕ್ಕರು. ಮೋಕ್ಷಿತಾ ನಗಲಿಲ್ಲ. ಅವಳು ಬೆಂಚಿನ ಪಕ್ಕ ನಿಂತು ನೀರಲ್ಲಿ ನೆನೆಸಿದ ಬಾಳೆನಾರನ್ನು ಒಂದೊಂದೇ ಎಳೆ ಬಿಡಿಸಿ ಕೊಡುತ್ತಿದ್ದಳು. ಪ್ರೇಮಾನಂದ ನಾರನ್ನು ಗೆಲ್ಲಿಗೆ ಬಿಗಿಯಾಗಿ ಸುತ್ತಿದ, ಗಾಯಕ್ಕೆ ಪಟ್ಟಿ ಕಟ್ಟುವ ಹಾಗೆ. ಅದರ ಮೇಲೆ ತಂತಿ. ಬುಡದಿಂದ ಒಂದು ಸುತ್ತು, ಎರಡು ಸುತ್ತು. ಒಂದೊಂದು ಸುತ್ತಿಗೂ ಮೋಕ್ಷಿತಾ ಮನಸ್ಸಿನಲ್ಲೇ ಅಂದುಕೊಂಡಳು, ಈ ಸುತ್ತು ಮುಗಿದ ಕೂಡಲೇ ಹೇಳುತ್ತೇನೆ. ಹೇಳಿದರೆ ಯಾರು ಹಾಕಿದ್ದು ಎಂದು ಕೇಳುತ್ತಾರೆ. ಹೇಳದಿದ್ದರೆ ಗೆಲ್ಲು ಹೋಗುತ್ತದೆ. ಗೆಲ್ಲು ಹೋದರೆ ನಾಳೆ ಬೆಳಿಗ್ಗೆ ಅವಳು ಹತ್ತುವುದು ಸಾಸ್ತಾನದ ಬಸ್ಸಲ್ಲ, ಮೀನಿನ ಬುಟ್ಟಿ ಹೊತ್ತು ಕೋಟೇಶ್ವರದ್ದು.

"ಅಣ್ಣ..."

ಅದು ಸ್ವರವಾಗಿರಲಿಲ್ಲ, ಬರೀ ಉಸಿರು.

"ಎಂತ? ಹಾಂ, ಆ ಇಕ್ಳ ಕೊಡ್."

ಕೊಟ್ಟಳು. ಆರನೆಯ ಸುತ್ತು. ಏಳನೆಯದು. ವಿಜೇತಾ ಫೋನನ್ನು ಹತ್ತಿರ ಹಿಡಿದು ಕೇಳಿದರು. "ನೀರು ಯಾಕೆ ನಿಲ್ಲಿಸುವುದು ಸರ್? ಗಿಡಕ್ಕೆ ನೀರಿದ್ದರೆ ಒಳ್ಳೆಯದಲ್ಲವಾ?"

"ಬೆಂಡೆಕಾಯಿ ತಕಂಬುಕೆ ಹೋತ್ರಿ ಅಲ್ದಾ ಮೇಡಂ? ಎಳೇದ್ ಅಂದ್ ಹ್ಯಾಂಗ್ ಗೊತ್ತಾತ್ತ್?"

"ತುದಿ ಮುರಿದು."

"ಟಪ್ ಅಂತ್ ಮುರಿತ್. ಅದೇ ಬೆಂಡಿ ಎರಡ್ ದಿನ ಮನೆಲ್ ಬಿದ್ಕಂಡಿರೆ? ಬಗ್ಗತ್, ಮುರಿತಿಲ್ಲ. ನೀರ್ ತುಂಬಿದ್ ಗೆಲ್ಲೂ ಹಾಂಗೆ. ಪೂರಾ ಒಣ್ಗುಕೂ ಆಗ, ಬೇರ್ ಸಾಯತ್ತ್. ಚೂರ್ ಬಾಡ್ಕ್, ಅಷ್ಟೇ."

"ಇದ್ ಬಾಡಿದ್ ಬೆಂಡಿಯಾ, ಎಳೆ ಬೆಂಡಿಯಾ?" ಎಂದ ಯೋಗೀಶ್.

"ಎರಡ್ ದಿನದಿಂದ ಒಂದ್ ಹನಿ ಕಾಣ್ಲಿಲ್ಲ. ಬೇಕಾರೆ ಮೋಕ್ಷಿತನತ್ರ ಕೇಣ್."

ಮೂರು ಜೊತೆ ಕಣ್ಣುಗಳು ಅವಳ ಕಡೆ ತಿರುಗಿದವು. ಫೋನೂ ತಿರುಗಿತು. ಹಾಜರಿ ಪುಸ್ತಕದೆದುರು ನಿಂತ ಹಾಗೆ ಕಿವಿಯಲ್ಲಿ ಗುಂಯ್ ಎಂದಿತು.

"ಪಾಪ, ಹೆದ್ರ್ಕಂತ್ ಆ ಹೆಣ್ಣ್," ಎಂದು ಯೋಗೀಶ್ ನಕ್ಕ. "ಅದ್ರ ಅಬ್ಬೆ ಕೂಗುಕ್ ಶುರು ಮಾಡಿರೆ ಕೋಟೇಶ್ವರದಲ್ ಬಸ್ಸೇ ನಿಲ್ತ್. ಇದ್ ಯಾರ್ನ್ ಹೋಲ್ತಾ ಏನಾ!"

ಕಣ್ಣುಗಳು ಅವಳಿಂದ ಸರಿದವು. ಪ್ರೇಮಾನಂದ ಕನ್ನಡಕ ಏರಿಸಿದ. ಎಡಗೈಯನ್ನು ಗೆಲ್ಲಿನ ಬುಡಕ್ಕೆ ಆನಿಸಿ, ಬಲಗೈಯಿಂದ ಗೆಲ್ಲಿನ ನಡುವನ್ನು ಹಿಡಿದ. ಉಸಿರು ಬಿಗಿಹಿಡಿದು ಕೆಳಗೆ ಒತ್ತಿದ. ಗೆಲ್ಲು ಒಂದು ಬೆರಳು ಇಳಿಯಿತು. ಎಲೆಗಳು ಒಮ್ಮೆಲೇ ಸುಮ್ಮನಾದವು. ಇನ್ನೊಂದು ಬೆರಳು.

ಟಿಕ್.

ಅಕ್ಕಿಯಲ್ಲಿ ಕಲ್ಲು ಸಿಕ್ಕಿದಷ್ಟು ಸಣ್ಣ ಸದ್ದು. ಬೇರೆ ಯಾರಿಗೂ ಅದು ಕೇಳಿಸಲಿಲ್ಲ. ಪ್ರೇಮಾನಂದ ಮತ್ತೆ ಒತ್ತುವುದರಲ್ಲಿದ್ದ.

ಮೋಕ್ಷಿತಾ ಎರಡೂ ಕೈಗಳನ್ನು ಗೆಲ್ಲಿನ ಅಡಿಗೆ ತೂರಿಸಿ ಎತ್ತಿ ಹಿಡಿದಳು.

"ಬ್ಯಾಡ! ಒದ್ದಿ ಇತ್ತ್! ಒಳ್ಗ್ ಪೂರಾ ಒದ್ದಿ ಇತ್ತ್!"

ಅವಳಿಂದ ಹೊರಟದ್ದು ಅಮ್ಮ ಜಲಜಳ ಸ್ವರ. ಕೋಟೇಶ್ವರದ ಪೇಟೆಯಲ್ಲಿ ಬಂಗುಡೆ ಕೂಗುವ ಸ್ವರ. ಮುಂದಿನ ಭಾಗದಲ್ಲಿ ಸಸಿ ಆರಿಸುತ್ತಿದ್ದ ಗಿರಾಕಿಗಳು ತಿರುಗಿ ನೋಡಿದರು. ಯೋಗೀಶನ ಬಾಯಿ ತೆರೆದೇ ಉಳಿಯಿತು.

ಪ್ರೇಮಾನಂದ ಕೈ ತೆಗೆಯಲಿಲ್ಲ, ಒತ್ತಲೂ ಇಲ್ಲ. ಗೆಲ್ಲು ಕಾಂಡ ಸೇರುವ ಮೂಲೆಯಲ್ಲಿ, ಬಾಳೆನಾರಿನ ಅಂಚಿನಿಂದ, ಬಿಳಿಯ ಹಾಲಿನ ಒಂದು ಹನಿ ಹೊರಬಂತು. ಅದು ದಪ್ಪವಾಗಿ ತೊಗಟೆಯ ಮೇಲೆ ಇಳಿಯುವುದನ್ನು ನಾಲ್ವರೂ ನೋಡಿದರು.

"ಬಿಡ್ಬ್ಯಾಡ. ಹಾಂಗೇ ಹಿಡ್ಕೊ," ಎಂದ ಪ್ರೇಮಾನಂದ. ಬೇಗ ಬೇಗ ಮತ್ತೊಂದು ಎಳೆ ನಾರು ತೆಗೆದು ಸೀಳಿದ ಜಾಗಕ್ಕೆ ಬಿಗಿದ. ಗೆಲ್ಲನ್ನು ಅರ್ಧಕ್ಕೇ ನಿಲ್ಲಿಸಿ ದಾರದಿಂದ ಬಟ್ಟಲಿಗೆ ಕಟ್ಟಿದ. ಅವನ ಹಣೆಯಿಂದ ಬೆವರು ಕನ್ನಡಕದ ಮೇಲೆ ತೊಟ್ಟಿಕ್ಕುತ್ತಿತ್ತು. ಅವನು ಒಂದು ಕೈಯನ್ನು ಎದೆಯ ಮೇಲಿಟ್ಟುಕೊಂಡ.

"ಯಾರ್ ಹಾಕಿದ್ ನೀರ್?"

ಹಿಂಬಾಗಿಲಲ್ಲಿ ಗಾಜಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ಸುಗುಣಮ್ಮ ಶರಬತ್ತಿನ ತಟ್ಟೆ ಹಿಡಿದು ನಿಂತಿದ್ದರು. ಅವರ ಬಾಯಿ ತೆರೆಯಿತು. ತುಟಿ ಅಲುಗಿತು. ಸ್ವರ ಬರಲಿಲ್ಲ. ಹಾಗೆ ತೆರೆದು ಹಾಗೇ ಮುಚ್ಚುವ ಬಾಯಿಯನ್ನು ಮೋಕ್ಷಿತಾ ಚೆನ್ನಾಗಿ ಬಲ್ಲಳು. ಅದು ಒಳಗಿನಿಂದ ಹೇಗಿರುತ್ತದೆ ಎನ್ನುವುದೂ ಅವಳಿಗೆ ಗೊತ್ತು.

"ನಾನ್," ಎಂದಳು.

"ನೀನಾ? ಮತ್ತೆ ಆಗ ತಲಿ ಆಡ್ಸಿದ್ದ್?"

ಅವಳು ಕೈಗೆ ಅಂಟಿದ ಮರದ ಹಾಲನ್ನು ಬಟ್ಟೆಗೆ ಒರೆಸಿಕೊಂಡಳು.

ಪ್ರೇಮಾನಂದ ಅವಳನ್ನೇ ನೋಡಿದ. ಬೈಯಲಿಲ್ಲ. ಇಕ್ಕಳವನ್ನು ನಿಧಾನವಾಗಿ ಬೆಂಚಿನ ಮೇಲಿಟ್ಟ. ಐತನ ದಿನವೂ ಹೀಗೇ ಇಟ್ಟಿರಬೇಕು. "ನಾಳಿಂದ..." ಎಂದು ಶುರು ಮಾಡಿ, ಅಷ್ಟರಲ್ಲಿ ಮಣ್ಣು ಎಷ್ಟು ಒದ್ದೆ ಇದೆಯೆಂದು ನೋಡಲು ಬಿದಿರು ಕಡ್ಡಿಯನ್ನು ಎಳೆದ.

ಕಡ್ಡಿಯ ಜೊತೆ ಪಾಚಿಯ ಚೂರೊಂದು ಎದ್ದು ಬಂತು. ಅದಕ್ಕೆ ಒಂದು ಅಕ್ಕಿಕಾಳು ಅಂಟಿತ್ತು. ಹಳದಿ ಬಣ್ಣದ್ದು. ಬೆಳಿಗ್ಗೆ ಮೋಕ್ಷಿತಾಳ ಕಣ್ಣಿಗೂ ತಪ್ಪಿಸಿಕೊಂಡದ್ದು.

ಅವನು ಅದನ್ನು ಬೆರಳ ತುದಿಗೆ ತೆಗೆದುಕೊಂಡು ಬೆಳಕಿಗೆ ಹಿಡಿದ. ಆಮೇಲೆ ಹಿಂಬಾಗಿಲ ಕಡೆ ತಿರುಗಿದ. ತಟ್ಟೆ ಹಿಡಿದ ತಾಯಿಯ ಬೆರಳುಗಳ ಮೇಲೆ ಅರಿಶಿನದ ಕಲೆ ಇನ್ನೂ ಇತ್ತು. ಲೋಟಗಳ ಸದ್ದು ಜೋರಾಯಿತು. ಹೈವೇಯಲ್ಲಿ ಲಾರಿಯೊಂದು ಟೋಲಿಗಾಗಿ ವೇಗ ತಗ್ಗಿಸುವುದು ಕೇಳಿಸಿತು. ಒಂಬತ್ತು ದಿನದ ಮೌನ ಮತ್ತೆ ಶುರುವಾಗುತ್ತದೆ ಎಂದು ಮೋಕ್ಷಿತಾ ಕಣ್ಣು ಮುಚ್ಚಿದಳು.

"ಯಾವತ್ತಿಂದ ಅಬ್ಬೆ?" ಎಂದ ಅವನು.

ಸುಗುಣಮ್ಮನಿಗೆ ಈಗ ಸ್ವರ ಬಂತು, ಒಡೆದ ಸ್ವರ. "ನೀ ಆಸ್ಪತ್ರಿಯಿಂದ ಬಂದ್ ಲಾಗಾಯ್ತ್. ಪ್ರತಿ ಶನಿವಾರ."

ಅವನು ಅಕ್ಷತೆಯನ್ನು ಎಸೆಯಲಿಲ್ಲ. ಎಲ್ಲಿಡುವುದೆಂದು ತಿಳಿಯದವನ ಹಾಗೆ ಸ್ವಲ್ಪ ಹೊತ್ತು ಹಿಡಿದುಕೊಂಡು, ಮತ್ತೆ ಅದೇ ಪಾಚಿಯ ಮೇಲೆ ಇಟ್ಟ.

"ನಾಳಿಂದ," ಎಂದ ಮೋಕ್ಷಿತಾಳಿಗೆ, "ತಂತಿ ಕಟ್ಟುದ್ ಶುಕ್ರವಾರ. ನೀರ್ ಶನಿವಾರ. ತಂತಿ ಕಟ್ಟಿದ್ ಮರ್ದಿವ್ಸ ಹ್ಯಾಂಗೂ ನೀರ್ ಬೇಕ್. ಅಬ್ಬೆ ಹಾಕ್ಲಿ. ಒಂದ್ ತಂಬ್ಗಿ, ಎರಡಲ್ಲ." ಇಕ್ಕಳವನ್ನು ಮತ್ತೆ ಎತ್ತಿಕೊಂಡ. "ನೀ ಇನ್ನೊಂದ್ ಸಲ ಸುಮ್ನೆ ತಲಿ ಆಡ್ಸಿರೆ ಕಾಣ್."

"ಹ್ವಾಯ್, ಶರ್ಬತ್ ಕೊಡಿನಿ ಅಮ್ಮ," ಎಂದ ಯೋಗೀಶ್ ಮೆಲ್ಲಗೆ. "ಲೋಟಕ್ಕಿಂತ ತಟ್ಟಿಲೇ ಜಾಸ್ತಿ ಇತ್ತ್."

ಗೆಲ್ಲು ಉಳಿಯುತ್ತದೋ ಇಲ್ಲವೋ ಎನ್ನುವುದು ಹದಿನೈದು ದಿನ ಕಳೆಯದೆ ತಿಳಿಯುವುದಿಲ್ಲ ಎಂದು ಪ್ರೇಮಾನಂದ ಹೇಳಿದ್ದ. ಆ ಗೆಲ್ಲಿನಲ್ಲಿ ಹದಿಮೂರು ಎಲೆಗಳಿದ್ದವು. ದಿನಾ ಬಸ್ಸಿನಿಂದ ಇಳಿದು ಹಿಂದಿನ ಬಲೆಯ ಕಡೆ ನಡೆಯುವಾಗ ಮೋಕ್ಷಿತಾಳ ಕಾಲು ಭಾರವಾಗುತ್ತಿತ್ತು. ಸೋಮವಾರ ಒಂದು ಎಲೆ ಹಳದಿಯಾಯಿತು. ಬುಧವಾರ ಇನ್ನೊಂದು. ಗುರುವಾರ ಯಾವುದೂ ಆಗಲಿಲ್ಲ. ಶುಕ್ರವಾರ ಅವಳು ಎರಡು ಸಲ ಎಣಿಸಿದಳು, ಹನ್ನೊಂದು.

ಶನಿವಾರ ಏಳೂವರೆಗೆ ಸುಗುಣಮ್ಮ ತಂಬಿಗೆ ಹಿಡಿದು ಹಗಲು ಬೆಳಕಿನಲ್ಲೇ ಬಂದರು. ಬೆಂಚಿನ ಸುತ್ತ ಮೂರು ಸುತ್ತು ಬಂದು, ಮೋಕ್ಷಿತಾಳ ಮುಖ ನೋಡಿದರು. ಅವಳು ಕಡ್ಡಿ ಎಳೆದು ತುಟಿಗೆ ತಾಗಿಸಿ, ಹಾಕಬಹುದು ಎಂದಳು. ಒಂದು ತಂಬಿಗೆ ನೀರು ಪಾಚಿಯ ಮೇಲೆ ಸದ್ದಿಲ್ಲದೆ ಇಳಿಯಿತು.

"ಬದುಕತ್ತಾ ಹೆಣೆ?"

ಮೋಕ್ಷಿತಾಳ ತಲೆ ಹೌದೆಂದು ಆಡಲು ಹೊರಟಿತ್ತು. ಅವಳು ಅದನ್ನು ತಡೆದು ಹಿಡಿದಳು.

"ಗೊತ್ತಿಲ್ಲ ಅಮ್ಮ," ಎಂದಳು ಗಟ್ಟಿಯಾಗಿ.

ಇಬ್ಬರೂ ಅಲ್ಲೇ ನಿಂತು ಗೆಲ್ಲಿನ ಕಡೆ ನೋಡಿದರು. ಗಾಳಿ ಇರಲಿಲ್ಲ. ಹನ್ನೊಂದರಲ್ಲಿ ಒಂದು ಎಲೆ ಮಾತ್ರ ನಡುಗುತ್ತಿತ್ತು.